ಮೊಗ್ರಾಲಿನಿಂದ ಮಡಿಕೇರಿಗೆ ಒಂದು ಹಗಲು

ಮೊಗ್ರಾಲ್ ಪೇಟೆಯಲ್ಲಿ ನಿಂತು ನೋಡಿದರೆ ಊರಿನ ಓಡಾಟವೆಲ್ಲ ತೆಂಕು-ಬಡಗಾಗಿಯೇ ಕಾಣುತ್ತದೆ. ಬಡಗಿಗೆ ಕುಂಬಳೆ, ಮಂಜೇಶ್ವರ, ಅದರಾಚೆ ಮಂಗಳೂರಿನ ಆಸ್ಪತ್ರೆ, ಕಾಲೇಜು. ತೆಂಕಿಗೆ ಕಾಸರಗೋಡಿನ ಕೋರ್ಟು, ಕಚೇರಿ. ಹೆದ್ದಾರಿ ಹಾಗೆಯೇ ಓಡುತ್ತದೆ, ರೈಲುಹಳಿಯೂ ಹಾಗೆಯೇ. ಪಡುವಲಿಗೆ ಕಡಲು, ಕಡಲಿನಾಚೆ ದುಬೈ, ಶಾರ್ಜಾ. ಅಲ್ಲಿ ದುಡಿಯುವ ಮಗನೋ ಅಳಿಯನೋ ಇಲ್ಲದ ಮನೆ ಈ ಊರಲ್ಲಿ ಅಪರೂಪ. ಉಳಿದದ್ದು ಮೂಡು ದಿಕ್ಕು. ಊರಿಗೆ ಹೆಸರು ತಂದ ಹೊಳೆ ಬರುವುದು ಆ ದಿಕ್ಕಿನಿಂದ. ಆದರೂ ರಜೆಯ ದಿನ ಎತ್ತ ಹೋಗೋಣ ಎಂಬ ಮಾತು ಬಂದಾಗ ಕೊನೆಗೆ ನೆನಪಾಗುವುದು ಅದೇ ದಿಕ್ಕು.

ಈ ಬರಹ ಮೂಡಲ ದಾರಿಯದು. ಬೆಳಿಗ್ಗೆ ಮೊಗ್ರಾಲಿನಿಂದ ಹೊರಟು ಘಟ್ಟ ಹತ್ತಿ, ಮಡಿಕೇರಿ ನೋಡಿ, ದೀಪ ಹಚ್ಚುವ ಹೊತ್ತಿಗೆ ಮತ್ತೆ ಕಡಲ ಕರೆಗೆ ಬರುವುದು.

ಮೊದಲು ಊರಿನ ಪರಿಚಯ. ಕಾಸರಗೋಡು ಪೇಟೆಯಿಂದ ಬಡಗಿಗೆ ಎಂಟು ಕಿಲೋಮೀಟರಿನ ಆಸುಪಾಸಿನಲ್ಲಿ ಮೊಗ್ರಾಲ್ ಇದೆ. ಹೊಳೆಯ ತೆಂಕು ದಡದಲ್ಲಿರುವುದು ಮೊಗ್ರಾಲ್ ಪುತ್ತೂರು, ಅದು ಬೇರೆಯೇ ಪಂಚಾಯತಿ. ಬಡಗು ದಡದ ಮೊಗ್ರಾಲ್ ಕುಂಬಳೆ ಪಂಚಾಯತಿಗೆ ಸೇರಿದ್ದು. ಹೊರಗಿನವರು ಎರಡನ್ನೂ ಒಂದೇ ಎಂದುಕೊಂಡು ತಪ್ಪು ನಿಲ್ದಾಣದಲ್ಲಿ ಇಳಿಯುವುದುಂಟು. ಮೊಗ್ರಾಲಿಗೆ ‘ಇಶಲ್ ಗ್ರಾಮ’ ಎಂಬ ಅಕ್ಕರೆಯ ಹೆಸರೂ ಇದೆ. ಇಶಲ್ ಎಂದರೆ ಮಾಪ್ಪಿಳಪ್ಪಾಟ್ಟಿನ ಧಾಟಿ. ಹಾಡು ಕಟ್ಟುವವರೂ ಹಾಡುವವರೂ ತಲೆಮಾರುಗಳಿಂದ ಇಲ್ಲಿದ್ದಾರೆ. ಇನ್ನೊಂದು ಹುಚ್ಚು ಕಾಲ್ಚೆಂಡಿನದು. ಸರಕಾರಿ ಶಾಲೆಯ ಮೈದಾನದಲ್ಲಿ ಸಂಜೆಯ ಆಟ ತಪ್ಪುವುದು ಜೋರು ಮಳೆ ಹೊಯ್ದ ದಿನ ಮಾತ್ರ. ಮನೆಯೊಳಗೆ ಮಲಯಾಳ, ಅಂಗಡಿ ಕಟ್ಟೆಯಲ್ಲಿ ತುಳು, ನೆರೆಯವರಲ್ಲಿ ಕನ್ನಡ. ಕಾಸರಗೋಡನ್ನು ಸಪ್ತಭಾಷೆಗಳ ನೆಲ ಎಂದು ಭಾಷಣಗಳಲ್ಲಿ ಹೊಗಳುತ್ತಾರೆ. ಇಲ್ಲಿನ ಮೀನು ಮಾರ್ಕೆಟಿನಲ್ಲಿ ಹತ್ತು ನಿಮಿಷ ನಿಂತರೆ ಆ ಮಾತಿನ ಅರ್ಥ ಕಿವಿಗೇ ಸಿಗುತ್ತದೆ.

ಇದು ಚಂದ್ರಗಿರಿ ಹೊಳೆಯಿಂದ ಬಡಗಿನ ನೆಲ. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿತು. ಚಂದ್ರಗಿರಿಯ ಬಡಗು ಭಾಗ ಕರ್ನಾಟಕಕ್ಕೆ ಸಲ್ಲಬೇಕೆಂದು 1967ರಲ್ಲಿ ಮಹಾಜನ ಆಯೋಗ ವರದಿ ಕೊಟ್ಟಿತು. ಆ ವರದಿ ಜಾರಿಯಾಗಲಿಲ್ಲ. ಮೂಡು ದಿಕ್ಕಿನ ಪಯಣಕ್ಕೆ ಹೊರಟ ಕನ್ನಡಿಗನ ಮನಸ್ಸಿನಲ್ಲಿ ಈ ಇತಿಹಾಸವೂ ಜತೆಗೆ ಕೂತಿರುತ್ತದೆ. ನನ್ನ ಮನಸ್ಸಿನಲ್ಲಂತೂ ಇತ್ತು.

ಒಂದೇ ದಿನಕ್ಕೆ ಮೈಸೂರು ಸಾಧ್ಯವೇ ಎಂದು ಹಲವರು ಕೇಳುತ್ತಾರೆ. ಸಾಧ್ಯ, ಆದರೆ ಬೇಡ. ಮಡಿಕೇರಿಯಿಂದ ಮೈಸೂರು ಮತ್ತೂ ಸುಮಾರು 120 ಕಿಲೋಮೀಟರ್ ದೂರ. ಹೋಗಿ ಬರುವುದರಲ್ಲಿ 470 ಕಿಲೋಮೀಟರ್ ಆಗುತ್ತದೆ, ಹನ್ನೊಂದು ಹನ್ನೆರಡು ಗಂಟೆ ಗಾಡಿಯಲ್ಲೇ ಕಳೆದು, ಅರಮನೆಯ ಮುಂದೆ ಒಂದು ಫೋಟೊ ತೆಗೆದು ತಿರುಗಬೇಕು. ಮಡಿಕೇರಿಯಾದರೆ ಒಂದು ಕಡೆಗೆ ಸುಮಾರು 115 ಕಿಲೋಮೀಟರ್. ಚಾಲಕರೊಬ್ಬರಲ್ಲಿ ಸಮಯ ವಿಚಾರಿಸಿದೆ. “ಮಳೆ ಇಲ್ಲದಿದ್ರೆ ಮೂರು, ಮೂರೂವರೆ ಗಂಟೆ. ಮಳೆ ಇದ್ರೆ ನೀವು ಹೋಗುವುದೇ ಬೇಡ ಮಾಷೆ” ಎಂದರು ಆ ಕಾಕ. ಮಾಷ್ಟ್ರಲ್ಲದವನನ್ನೂ ಮಾಷೆ ಎನ್ನುವುದು ಇಲ್ಲಿನ ಮರ್ಯಾದೆ.

ಬೆಳಿಗ್ಗೆ ಆರಕ್ಕೆ ಹೊರಡುವುದು ಒಳ್ಳೆಯದು. ದಾರಿ ಎರಡಿವೆ. ತೆಂಕಿಗೆ ಹೋಗಿ ಕಾಸರಗೋಡು, ವಿದ್ಯಾನಗರ ದಾಟಿ ಚೆರ್ಕಳದಲ್ಲಿ ಎಡಕ್ಕೆ ತಿರುಗಿ ಬೋವಿಕ್ಕಾನದ ಮೂಲಕ ಮುಳ್ಳೇರಿಯ ಸೇರುವುದು ಒಂದು. ಬಡಗಿಗೆ ಕುಂಬಳೆಗೆ ಹೋಗಿ ಅಲ್ಲಿಂದ ಮೂಡಕ್ಕೆ ತಿರುಗಿ ಸೀತಾಂಗೋಳಿ, ನೀರ್ಚಾಲು, ಬದಿಯಡ್ಕದ ಮೇಲೆ ಅದೇ ಮುಳ್ಳೇರಿಯ ತಲುಪುವುದು ಇನ್ನೊಂದು. ನಾನು ಎರಡನೆಯದರ ಪಕ್ಷ. ಪೇಟೆಯ ಸಂದಣಿ ತಪ್ಪುತ್ತದೆ. ಅದಕ್ಕಿಂತ ಹೆಚ್ಚಾಗಿ ಹಳೆಯ ಕುಂಬಳೆ ಸೀಮೆಯನ್ನು ಉದ್ದಕ್ಕೂ ಹಾದ ಹಾಗಾಗುತ್ತದೆ.

ಆ ಸೀಮೆಗೆ ನಾಲ್ಕು ದೊಡ್ಡ ದೇವಸ್ಥಾನಗಳು: ಕುಂಬಳೆಯ ಕಣಿಪುರ, ಮಧೂರು, ಮುಜುಂಗಾವು, ಅಡೂರು. ಕುಂಬಳೆಯಲ್ಲಿ ಕಣಿಪುರದ ಗೋಪಾಲಕೃಷ್ಣನ ಗುಡಿ ಪೇಟೆಗೆ ಅಂಟಿಕೊಂಡಂತೆಯೇ ಇದೆ. ತೆಂಕುತಿಟ್ಟು ಯಕ್ಷಗಾನದವರು ಪಿತಾಮಹನೆಂದು ಗೌರವಿಸುವ ಪಾರ್ತಿಸುಬ್ಬ ಈ ಊರಿನವನು. ಸ್ವಲ್ಪ ಮುಂದೆ ನಾಯ್ಕಾಪಿನ ಬಳಿ ಅನಂತಪುರದ ಕೆರೆ ದೇವಸ್ಥಾನ. ತಿರುವನಂತಪುರದ ಅನಂತಪದ್ಮನಾಭನಿಗೆ ಇದು ಮೂಲಸ್ಥಾನವೆಂಬುದು ನಂಬಿಕೆ. ಈ ಕೆರೆಯಲ್ಲಿದ್ದ ಮೊಸಳೆ ಬಬಿಯಾ 2022ರ ಅಕ್ಟೋಬರಿನಲ್ಲಿ ಸತ್ತಾಗ ಜಾತಿಮತ ನೋಡದೆ ಜನ ಸೇರಿದ್ದರು. ಮರುವರ್ಷ ನವೆಂಬರಿನಲ್ಲಿ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿತು. ಬೆಳಗಿನ ಹೊತ್ತು ಅರ್ಧ ಗಂಟೆ ಇಲ್ಲಿ ಕಳೆಯಬಹುದು, ಆದರೆ ಅದಕ್ಕಾಗಿ ಐದೂವರೆಗೇ ಹೊರಡಬೇಕಾಗುತ್ತದೆ.

ಸೀತಾಂಗೋಳಿ ಬಿಟ್ಟ ಮೇಲೆ ಮುರಕಲ್ಲಿನ ಗುಡ್ಡಗಳು, ಅವುಗಳ ಬುಡದಲ್ಲಿ ಅಡಿಕೆ ತೋಟ. ಈ ಒಣ ಗುಡ್ಡದ ಕೆಳಗೆ ತೋಟ ಹಸಿರಾಗಿರುವುದು ಹೇಗೆಂಬ ಪ್ರಶ್ನೆಗೆ ಉತ್ತರ ಸುರಂಗ. ಗುಡ್ಡದ ಬದಿಯಿಂದ ಅಡ್ಡಕ್ಕೆ, ಒಬ್ಬ ಮನುಷ್ಯ ನುಸುಳುವಷ್ಟು ಅಗಲಕ್ಕೆ, ಪಿಕ್ಕಾಸಿನಿಂದ ಕೊರೆಯುತ್ತಾ ಹೋಗಿ ಒಳಗಿನ ಒಸರನ್ನು ಹಿಡಿಯುತ್ತಾರೆ. ನೀರು ತನ್ನಷ್ಟಕ್ಕೇ ಹೊರಗಿನ ಮಣ್ಣಿನ ಕೆರೆಗೆ ಇಳಿಯುತ್ತದೆ. ಪಂಪೂ ಬೇಡ, ಕರೆಂಟೂ ಬೇಡ. ಬದಿಯಡ್ಕ, ಎಣ್ಮಕಜೆ, ಬಾಯಾರು ಸುತ್ತಿನಲ್ಲಿ ಇಂತಹ ಸುರಂಗಗಳು ಇನ್ನೂ ನೀರು ಕೊಡುತ್ತಿವೆ. ಕೊಳವೆಬಾವಿ ಬಂದ ಮೇಲೆ ತೋಡುವ ಕೈಗಳು ಕಡಿಮೆಯಾಗಿವೆ. ಮೇಣದ ಬತ್ತಿ ಹಿಡಿದು ನೂರಾರು ಅಡಿ ಒಳಹೋಗಿ ಕಲ್ಲಿನ ಸದ್ದಿನಿಂದಲೇ ನೀರಿನ ಜಾಗ ಹೇಳುವವರ ವಿದ್ಯೆ ಕಣ್ಣೆದುರೇ ಕರಗುತ್ತಿರುವುದು ನನಗೆ ನಿಜವಾದ ಸಂಕಟ.

ಬದಿಯಡ್ಕದ ಪೆರಡಾಲದಲ್ಲಿ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಬಾಳಿದರು. 1915ರಲ್ಲಿ ಹುಟ್ಟಿ ನೂರು ತುಂಬಿ 2015ರ ಆಗಸ್ಟಿನಲ್ಲಿ ತೀರಿಕೊಂಡ ರೈಗಳು ಕಾಸರಗೋಡಿನ ಕನ್ನಡ ಹೋರಾಟದ ದೊಡ್ಡ ದನಿ. ಮೇಷ್ಟರಾಗಿ, ಕೃಷಿಕರಾಗಿ ಈ ಮಣ್ಣಿನಲ್ಲೇ ದುಡಿದವರು. ಇಲ್ಲಿಂದ ಚೆರ್ಕಳದ ಕಡೆಗೆ ತಿರುಗಿದರೆ ಎಡನೀರು ಮಠ. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಬದಲಿಸುವಂತಿಲ್ಲ ಎಂದು 1973ರ ಏಪ್ರಿಲ್ 24ರಂದು ಸುಪ್ರೀಂ ಕೋರ್ಟು ತೀರ್ಪಿತ್ತ ಮೊಕದ್ದಮೆಗೆ ಹೆಸರು ಕೊಟ್ಟ ಕೇಶವಾನಂದ ಭಾರತೀ ಸ್ವಾಮೀಜಿಯವರ ಮಠ ಅದು. ಬರುವಾಗ ಹೊತ್ತು ಉಳಿದರೆ ಆ ದಾರಿ ಹಿಡಿಯಬಹುದು.

ಮುಳ್ಳೇರಿಯ ಬಂತು ಎಂದರೆ ಮೊಗ್ರಾಲ್ ಹೊಳೆಯ ಕಥೆ ಹೆಚ್ಚುಕಡಿಮೆ ಮುಗಿಯಿತು. ಕಾರಡ್ಕದ ಕಾಡಿನಲ್ಲಿ ಹುಟ್ಟುವ ಆ ಹೊಳೆಯ ಒಟ್ಟು ಉದ್ದ 34 ಕಿಲೋಮೀಟರ್. ಮಧೂರಿನ ಬಳಿ ಅದನ್ನೇ ಮಧುವಾಹಿನಿ ಎನ್ನುತ್ತಾರೆ. ಒಂದು ಹೊಳೆಯ ಅಳಿವೆಯಿಂದ ಅದರ ತಲೆಯವರೆಗೆ ಒಂದು ಗಂಟೆಯೊಳಗೆ ಬಂದುಬಿಟ್ಟಿರುತ್ತೇವೆ. ಮೊಗ್ರಾಲಿನ ಸೇತುವೆಯ ಮೇಲೆ ದಿನಾ ಓಡಾಡುವ ಮಕ್ಕಳಿಗೆ ಇದೊಂದನ್ನು ತೋರಿಸಲಿಕ್ಕಾದರೂ ಈ ದಾರಿಯಲ್ಲಿ ಕರೆತರಬೇಕು.

ಈ ಭಾಗದ ಗೇರುಗುಡ್ಡಗಳನ್ನು ಕಂಡಾಗ ಮಾತು ನಿಲ್ಲುತ್ತದೆ. ಎರಡು ದಶಕಕ್ಕೂ ಹೆಚ್ಚು ಕಾಲ, 2000ದವರೆಗೆ, ಇವುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲೇ ತಡೆದದ್ದು 2011ರಲ್ಲಿ. ಹಾಸಿಗೆ ಬಿಟ್ಟೇಳದ ಮಕ್ಕಳನ್ನು ಎತ್ತಿಕೊಂಡೇ ಮುದುಕಿಯರಾದ ತಾಯಂದಿರು ಈ ಊರುಗಳಲ್ಲಿದ್ದಾರೆ. ರಸ್ತೆಯಿಂದ ಅವರ ಮನೆಗಳು ಕಾಣುವುದಿಲ್ಲ.

ಮುಂದೆ ಆದೂರು, ಆಮೇಲೆ ಕೊಟ್ಯಾಡಿ. ಕೊಟ್ಯಾಡಿಯಿಂದ ಒಳಕ್ಕೆ ಹೋದರೆ ಮಹಾಲಿಂಗೇಶ್ವರನ ಅಡೂರು, ಕುಂಬಳೆ ಸೀಮೆಯ ನಾಲ್ಕರಲ್ಲಿ ಒಂದು. ಆದೂರು ಬೇರೆ, ಅಡೂರು ಬೇರೆ. ಮಲಯಾಳದ ಬೋರ್ಡು ಓದಿ ಬಂದವರು ಇಲ್ಲಿ ಎಡವುತ್ತಾರೆ. ಪಂಜಿಕಲ್ಲು ದಾಟುವ ಹೊತ್ತಿಗೆ ಕರ್ನಾಟಕ. ಗಡಿ ಗೊತ್ತಾಗುವುದು ಪೆಟ್ರೋಲ್ ಬಂಕಿನ ದರದಲ್ಲಿ. ಈಚಿನ ವರ್ಷಗಳಲ್ಲಿ ಕರ್ನಾಟಕದಲ್ಲಿ ಲೀಟರಿಗೆ ಕೆಲವು ರೂಪಾಯಿ ಕಡಿಮೆ, ಹಾಗಾಗಿ ಟ್ಯಾಂಕು ತುಂಬಿಸುವುದನ್ನು ಜಾಲ್ಸೂರು ಕಡೆಗೆ ಇಟ್ಟುಕೊಳ್ಳುವುದು ಲಾಭ. ಉಳಿದಂತೆ ಮಣ್ಣು ಒಂದೇ, ಅಡಿಕೆ ಒಂದೇ, ಮಾತೂ ಹೆಚ್ಚುಕಡಿಮೆ ಒಂದೇ. ಆದರೆ 2020ರ ಮಾರ್ಚಿನಲ್ಲಿ ಕೊರೊನಾ ಭಯದಿಂದ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ್ದರು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನವರು ಅರ್ಧದಾರಿಯಿಂದ ಮರಳಿದರು; ಕೆಲವರು ಜೀವ ಕಳೆದುಕೊಂಡರು. ಆಮೇಲೆ ಮಣ್ಣು ತೆಗೆದರು. ಈ ಗಡಿ ದಾಟುವಾಗ ನನಗೆ ಪ್ರತಿ ಸಲವೂ ಆ ಮಣ್ಣಿನ ರಾಶಿ ನೆನಪಾಗುತ್ತದೆ.

ಜಾಲ್ಸೂರಿನಲ್ಲಿ ಮಂಗಳೂರು–ಮೈಸೂರು ಹೆದ್ದಾರಿ ಸಿಗುತ್ತದೆ, ಎಂಟು ಕಿಲೋಮೀಟರಿಗೆ ಸುಳ್ಯ. ಬೆಳಗಿನ ತಿಂಡಿಗೆ ಸುಳ್ಯವೇ ಸರಿ. ಪಕ್ಕದ ಮೇಜಿನಲ್ಲಿ ಅರೆಭಾಷೆ ಕೇಳುತ್ತದೆ, ಗೌಡರ ಮನೆಮಾತು. ಕನ್ನಡ ಬಲ್ಲವರಿಗೆ ಅರ್ಧ ಅರ್ಥವಾಗಿ ಇನ್ನರ್ಧಕ್ಕೆ ಕಿವಿ ನಿಮಿರುವಂತಹ ಮಾತು. ಈ ಸುತ್ತಿನ ಅಮರಸುಳ್ಯ ಸೀಮೆ ಒಂದು ಕಾಲಕ್ಕೆ ಕೊಡಗಿನ ರಾಜರ ಕೈಯಲ್ಲಿತ್ತು. 1834ರಲ್ಲಿ ಇಂಗ್ಲಿಷರು ಚಿಕ್ಕವೀರ ರಾಜೇಂದ್ರನನ್ನು ಇಳಿಸಿ ಈ ಭಾಗವನ್ನು ಕೆನರಾಕ್ಕೆ ಸೇರಿಸಿದರು. ಅದುವರೆಗೆ ಫಸಲಿನ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ಹಣದಲ್ಲೇ ಕೊಡಬೇಕೆಂದಾಗ ರೈತರು ಸಿಡಿದೆದ್ದರು. 1837ರ ಏಪ್ರಿಲಿನಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಜನ ಘಟ್ಟದ ಬುಡದಿಂದ ಕಡಲವರೆಗೆ ನಡೆದು ಮಂಗಳೂರನ್ನೇ ಹಿಡಿದಿದ್ದರು. ನಾವು ಮೂರು ಗಂಟೆಯ ಸವಾರಿಗೆ ಇಷ್ಟೆಲ್ಲ ತಯಾರಿ ಮಾಡುತ್ತೇವೆ.

ಸುಳ್ಯದಿಂದ ಪಯಸ್ವಿನಿ ಜತೆಯಾಗುತ್ತಾಳೆ. ಕಾಸರಗೋಡಿನವರಿಗೆ ಇವಳು ಚಂದ್ರಗಿರಿ. ಅರಂತೋಡು, ಕಲ್ಲುಗುಂಡಿ, ಸಂಪಾಜೆ ಎಂದು ನೀರಿನ ಎದುರು ದಿಕ್ಕಿಗೆ ಹತ್ತುತ್ತಾ ಹೋಗುವುದು. ಅರಂತೋಡಿನಿಂದ ತೊಡಿಕಾನಕ್ಕೆ ತಿರುಗಿ ದೇವರ ಮೀನು ನೋಡುವ ಆಸೆ ಹುಟ್ಟುತ್ತದೆ. ಒಂದೇ ದಿನದ ಪಯಣದಲ್ಲಿ ಅದನ್ನು ಬಿಡಲೇಬೇಕು. ಸಂಪಾಜೆಯಲ್ಲಿ ಟೈರಿನ ಗಾಳಿ, ಬ್ರೇಕು ನೋಡಿಕೊಳ್ಳಿ. ಮಕ್ಕಳ ಹೊಟ್ಟೆ ತೊಳಸದಂತೆ ನಿಂಬೆಹುಳಿ ಕೈಯಲ್ಲಿರಲಿ. ಮುಂದಿನ 27 ಕಿಲೋಮೀಟರಿನ ಹೆಚ್ಚಿನ ಭಾಗ ತಿರುವೇ.

ಕೊಯನಾಡು, ದೇವರಕೊಲ್ಲಿ, ಜೋಡುಪಾಲ, ಮದೆನಾಡು. 2018ರ ಆಗಸ್ಟ್ ನಡುವಿನ ಮಳೆಗೆ ಜೋಡುಪಾಲ, ಮೊಣ್ಣಂಗೇರಿಯ ಗುಡ್ಡಗಳು ಜರಿದು ಮನೆ, ಜನ ಎಲ್ಲವನ್ನೂ ಒಯ್ದವು; ರಸ್ತೆ ಬಹುದಿನ ಮುಚ್ಚಿತ್ತು. ಆ ಗಾಯದ ಮೇಲೆ ಈಗ ಹಸಿರು ಬಂದಿದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಈ ದಾರಿಗೆ ಬರುವುದೇ ಬೇಡ ಎಂಬ ಕಾಕನ ಮಾತು ಅನುಭವದಿಂದ ಬಂದದ್ದು. ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ.

ಒಂಬತ್ತೂವರೆ, ಹತ್ತಕ್ಕೆ ಮಡಿಕೇರಿ. ಕಡಲಮಟ್ಟದಿಂದ 1,100 ಮೀಟರಿಗೂ ಮೇಲೆ. ಬೆವರಿಗೆ ಒಗ್ಗಿದ ಮೈಗೆ ಡಿಸೆಂಬರಿನ ಗಾಳಿ ತಟ್ಟನೆ ತಾಗುತ್ತದೆ. ಸ್ವೆಟರ್ ಮರೆತ ನಮ್ಮ ಕಡೆಯವರನ್ನು ಪೇಟೆಯಲ್ಲಿ ದೂರದಿಂದಲೇ ಗುರುತಿಸಬಹುದು. ಕೈಯಲ್ಲಿರುವ ನಾಲ್ಕು ಗಂಟೆಗಳಿಗೆ ಊರೊಳಗಿನ ಜಾಗಗಳಷ್ಟೇ ಸಾಕು. ಮುದ್ದುರಾಜ 1681ರಲ್ಲಿ ಕಟ್ಟಿಸಿದ ಕೋಟೆ, ಅದರೊಳಗಿನ ಅರಮನೆ, ಅಂಗಳದ ಎರಡು ಗಾರೆಯಾನೆಗಳು. ಜನರಲ್ ತಿಮ್ಮಯ್ಯನವರು ಬೆಳೆದ ‘ಸನ್ನಿಸೈಡ್’ ಮನೆ 2021ರಿಂದ ಮ್ಯೂಸಿಯಂ. ಆದರೆ ಒಂದನ್ನೇ ನೋಡಲು ಹೊತ್ತಿದೆಯೆಂದಾದರೆ ನಾನು ಹೇಳುವುದು ಓಂಕಾರೇಶ್ವರ. ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ ಈ ಶಿವಾಲಯಕ್ಕೆ ನಡುವೆ ಗುಮ್ಮಟ, ಮೂಲೆಗಳಲ್ಲಿ ಮಿನಾರಿನಂತಹ ಗೋಪುರ, ಎದುರಿಗೆ ಕೆರೆ. ಬಾಂಗೂ ಚೆಂಡೆಯೂ ಒಟ್ಟಿಗೆ ಕೇಳುತ್ತಾ ಬೆಳೆದ ಕುಂಬಳೆ ಸೀಮೆಯವರಿಗೆ ಈ ಕಟ್ಟಡ ಬೇಗ ಹತ್ತಿರವಾಗುತ್ತದೆ.

ಊಟಕ್ಕೆ ಕಡಂಬುಟ್ಟು ಅಥವಾ ನೂಲ್‌ಪುಟ್ಟು ಕೇಳಿ. ನಮ್ಮ ಪತ್ತಿರಿಯಂತೆ ಅಕ್ಕಿಯದೇ ಅಡುಗೆ. ಆಮೇಲೆ ರಾಜಾಸೀಟಿನಲ್ಲಿ ಸ್ವಲ್ಪ ಹೊತ್ತು ಕೂರಬಹುದು. ಸಂಜೆಗೆಂದೇ ಹೆಸರಾದ ಜಾಗ, ಆದರೆ ನಾವು ಸಂಜೆಯವರೆಗೆ ಕಾಯುವಂತಿಲ್ಲ. ಈ ಬೆಟ್ಟಸಾಲಿನ ಪಡುಬದಿಗೆ ಬಿದ್ದ ಮಳೆ ಪಯಸ್ವಿನಿಯಾಗಿ ಕಾಸರಗೋಡಿಗೆ ಬರುತ್ತದೆ, ಮೂಡುಬದಿಗೆ ಬಿದ್ದದ್ದು ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಅಲ್ಲಿ ಕೂತು ಪಡುವಕ್ಕೆ ಕಣ್ಣು ಹಾಯಿಸಿದರೆ ಸಾಲು ಸಾಲು ಬೆಟ್ಟ, ಅದರಾಚೆ ಮಂಜಿನ ಬಿಳುಪು. ಆ ಬಿಳುಪಿನ ಕೆಳಗೆ ಎಲ್ಲೋ ನಮ್ಮ ಊರು.

ಎರಡು ಗಂಟೆಗೆ ಗಾಡಿ ತಿರುಗಿಸಬೇಕು. ಎರಡೂವರೆ ದಾಟಿದರೆ ಲೆಕ್ಕ ತಪ್ಪುತ್ತದೆ. ಘಟ್ಟ ಇಳಿಯುವಾಗ ಕವಿದುಕೊಳ್ಳುವ ಮಂಜು ಒಂದು ಕಾರಣ. ಇನ್ನೊಂದು, ಕಾರಡ್ಕ, ದೇಲಂಪಾಡಿ ಕಡೆಗಳಲ್ಲಿ ಕಾಡಾನೆಗಳು ತೋಟಕ್ಕೆ ಇಳಿಯುತ್ತವೆ. ಆ ಭಾಗವನ್ನು ಬೆಳಕಿರುವಾಗಲೇ ದಾಟಬೇಕು. ಸ್ವಂತ ಗಾಡಿ ಇಲ್ಲದವರು ಕಾಸರಗೋಡಿನಿಂದ ಸುಳ್ಯಕ್ಕೆ ಬಸ್ಸು ಹಿಡಿದು, ಅಲ್ಲಿ ಮಂಗಳೂರು–ಮೈಸೂರು ಬಸ್ಸಿಗೆ ಹತ್ತಬಹುದು. ಬದಲಾಯಿಸಲು ಹೋಗುವ ಹೊತ್ತನ್ನು ಲೆಕ್ಕಕ್ಕೆ ಹಿಡಿದು ಮಡಿಕೇರಿಯನ್ನು ಒಂದು ಗಂಟೆ ಮುಂಚೆ ಬಿಡುವುದು ಕ್ಷೇಮ.

ಸುಳ್ಯದಲ್ಲಿ ಚಾ, ಮುಳ್ಳೇರಿಯದಲ್ಲಿ ಇಳಿಬಿಸಿಲು, ಕುಂಬಳೆಗೆ ಬರುವಾಗ ಉಪ್ಪು ಬೆರೆತ ಗಾಳಿ. ಸ್ವೆಟರ್ ಬಿಚ್ಚಿ ಹಿಂದಿನ ಸೀಟಿಗೆ ಹಾಕಿ ಹೆದ್ದಾರಿಯ ಸರ್ವಿಸ್ ರಸ್ತೆಯಲ್ಲಿ ಮೊಗ್ರಾಲಿಗೆ ಇಳಿದಾಗ ಆರು ಗಂಟೆ. ಶಾಲೆಯ ಮೈದಾನದಲ್ಲಿ ಕೂಗು ಜೋರಾಗಿದೆ. ಮಗ್ರಿಬಿನ ಬಾಂಗ್ ಆಗುವ ಮುಂಚೆ ಇನ್ನೊಂದು ಗೋಲು ಹೊಡೆಯಬೇಕೆಂದು ಹುಡುಗರು ಓಡುತ್ತಿದ್ದಾರೆ.