ಹಳೆಯ ಮನೆಯ ವಿಸ್ತರಣ ಮತ್ತು ದುರಸ್ತಿ: ವೆಚ್ಚದ ಅಂದಾಜಿನ ಇತಿಹಾಸವೂ ವಿಧಾನವೂ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯು ಹೊಸ ಮನೆಯನ್ನು ಕುರಿತದ್ದು. ಇದ್ದ ಮನೆಗೆ ಒಂದು ಕೋಣೆಯನ್ನು ಕೂಡಿಸುವವನ, ಅಥವಾ ಹಳೆಯ ಮಾಡನ್ನು ಇಳಿಸಿ ಹೊಸದನ್ನು ಹಾಕಿಸುವವನ ತೊಡಕು ಅದಕ್ಕಿಂತ ಸೂಕ್ಷ್ಮವಾದದ್ದು. ಹೊಸ ಮನೆಯನ್ನು ಕಟ್ಟಿಸುವವನು ಹಣ ಸಾಲದಿದ್ದರೆ ಕೆಲಸವನ್ನು ನಿಲ್ಲಿಸಿ ಒಂದು ವರ್ಷ ಕಾಯಬಹುದು. ಮಾಡನ್ನು ಬಿಚ್ಚಿಸಿದ ಮನೆಯಲ್ಲಿಯೇ ವಾಸಿಸುವವನು ಮಳೆಗಾಲದವರೆಗೂ ಕಾಯಲಾರನು. ಆದುದರಿಂದ ಇಲ್ಲಿ ಅಂದಾಜು ಎಂಬುದು ಬರಿಯ ಲೆಕ್ಕದ ವಿಷಯವಲ್ಲ. ಅಂದಾಜು ಮೀರಿದ ಹಣವನ್ನು ಯಾರು ತೆರಬೇಕೆಂಬ ನ್ಯಾಯದ ವಿಷಯವೂ ಹೌದು. ಈ ಎರಡು ಮುಖಗಳನ್ನೂ ಸಂಕ್ಷೇಪವಾಗಿ ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ಪ್ರಶ್ನೆಗೆ ಅತಿ ಸ್ಪಷ್ಟವಾದ ಪ್ರಾಚೀನ ಉತ್ತರವು ಕ್ರಿ. ಪೂ. ಒಂದನೆಯ ಶತಮಾನದ ರೋಮನ್ ವಾಸ್ತುಶಿಲ್ಪಿ ವಿಟ್ರುವಿಯಸನ ಗ್ರಂಥದ ಹತ್ತನೆಯ ಭಾಗದ ಪೀಠಿಕೆಯಲ್ಲಿ ದೊರೆಯುತ್ತದೆ. ಎಫಿಸಸ್ ನಗರದಲ್ಲಿ ಸಾರ್ವಜನಿಕ ಕಟ್ಟಡವನ್ನು ವಹಿಸಿಕೊಳ್ಳುವ ಶಿಲ್ಪಿಯು ಮೊದಲೇ ವೆಚ್ಚವನ್ನು ತಿಳಿಸಬೇಕಾಗಿದ್ದಿತು. ಕೆಲಸ ಮುಗಿಯುವವರೆಗೆ ಅವನ ಆಸ್ತಿಯು ಅಧಿಕಾರಿಗಳಲ್ಲಿ ಒತ್ತೆಯಾಗಿರುತ್ತಿದ್ದಿತು. ಹೇಳಿದ ಮೊತ್ತದಲ್ಲಿ ಕೆಲಸ ಮುಗಿದರೆ ಅವನಿಗೆ ಸನ್ಮಾನ. ನಾಲ್ಕನೆಯ ಒಂದು ಪಾಲಿನೊಳಗೆ ಹೆಚ್ಚಿದರೆ ಆ ಹೆಚ್ಚಳವನ್ನು ಬೊಕ್ಕಸವೇ ಕೊಡುತ್ತಿದ್ದಿತು; ಅದಕ್ಕೂ ಮೀರಿದರೆ ಶಿಲ್ಪಿಯ ಆಸ್ತಿಯಿಂದ ವಸೂಲು. ಈ ಶಾಸನವು ರೋಮಿನಲ್ಲಿ ಖಾಸಗಿ ಮನೆಗಳಿಗೂ ಅನ್ವಯವಾಗಿದ್ದರೆ ಎಷ್ಟು ಒಳ್ಳೆಯದಾಗುತ್ತಿದ್ದಿತೆಂದು ವಿಟ್ರುವಿಯಸನು ಹಂಬಲಿಸುತ್ತಾನೆ. ನಾಲ್ಕು ನೂರನ್ನು ಹೊಂದಿಸಬಲ್ಲವನು ಇನ್ನೊಂದು ನೂರನ್ನು ಹೇಗೋ ಸೇರಿಸಿಯಾನು. ಆದರೆ ವೆಚ್ಚವು ಅರ್ಧಪಾಲು ಏರಿದರೆ ಧೈರ್ಯಗೆಟ್ಟು ಕೈಬಿಡುತ್ತಾನೆ ಎಂಬುದು ಅವನ ವಾದದ ತಿರುಳು. ಅಂದಾಜು ಸ್ವಲ್ಪ ತಪ್ಪುವುದು ಸಹಜ, ಬಹಳ ತಪ್ಪುವುದು ಅಪರಾಧ ಎಂಬ ವಿವೇಕವು ಇಲ್ಲಿ ಕಂಡುಬರುತ್ತದೆ.

ನಮ್ಮ ಶಾಸನಗಳಲ್ಲಿ ಕಾಣುವ ಮಾರ್ಗವು ಬೇರೆ. ಕನ್ನಡ ನಾಡಿನ ದೇವಾಲಯಗಳಿಗೆ ಭೂಮಿಯನ್ನು ದತ್ತಿ ಬಿಡುವಾಗ, ಪೂಜೆ ನೈವೇದ್ಯಗಳೊಡನೆ 'ಖಂಡಸ್ಫುಟಿತ ಜೀರ್ಣೋದ್ಧಾರ'ಕ್ಕೆಂದು, ಅಂದರೆ ಒಡೆದ, ಬಿರಿದ, ಜೀರ್ಣವಾದ ಭಾಗಗಳನ್ನು ಸರಿಪಡಿಸುವುದಕ್ಕೆಂದು, ಹೇಳುವುದು ವಾಡಿಕೆಯಾಗಿದ್ದಿತು. ಇಲ್ಲಿ ಮುಂದಿನ ದುರಸ್ತಿಯ ಮೊತ್ತವನ್ನು ಊಹಿಸುವ ಪ್ರಯತ್ನವಿಲ್ಲ. ವರ್ಷವರ್ಷವೂ ಬರುವ ಹುಟ್ಟುವಳಿಯಲ್ಲಿಯೇ ದುರಸ್ತಿಗೆ ಸ್ಥಾನವಿದೆ. ಸಣ್ಣ ಬಿರುಕನ್ನು ಕಾಲಕಾಲಕ್ಕೆ ಮುಚ್ಚಿದರೆ ದೊಡ್ಡ ವೆಚ್ಚದ ಸಂದರ್ಭವೇ ವಿರಳವಾಗುವುದಷ್ಟೆ.

ಇಂಗ್ಲೆಂಡಿನಲ್ಲಿ ಬಹುಕಾಲ ಕೆಲಸ ಮುಗಿದ ಮೇಲೆಯೇ ಅಳೆದು ಹಣ ಕೊಡುವ ಪದ್ಧತಿಯಿದ್ದಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಇಡೀ ಕಟ್ಟಡವನ್ನು ಒಬ್ಬನೇ ಗುತ್ತಿಗೆದಾರನಿಗೆ ಒಂದೇ ಮೊತ್ತಕ್ಕೆ ವಹಿಸುವ ಪದ್ಧತಿಯು ಬಲಗೊಂಡಾಗ, ನಕ್ಷೆಯಿಂದಲೇ ಪರಿಮಾಣಗಳನ್ನು ಮೊದಲೇ ಎಣಿಸುವುದು ಅನಿವಾರ್ಯವಾಯಿತು. ಹಳೆಯ ಮನೆಯ ವಿಸ್ತರಣವು ಎಷ್ಟು ಅಪಾಯಕರವೆಂಬುದಕ್ಕೆ ಬಕಿಂಗ್‌ಹ್ಯಾಮ್ ಅರಮನೆಯೇ ನಿದರ್ಶನ. ನಾಲ್ಕನೆಯ ಜಾರ್ಜನಿಗಾಗಿ ವಾಸ್ತುಶಿಲ್ಪಿ ಜಾನ್ ನ್ಯಾಷನು ಹಳೆಯ ಬಕಿಂಗ್‌ಹ್ಯಾಮ್ ಭವನವನ್ನು ಉಳಿಸಿಕೊಂಡೇ ಅದನ್ನು ಹಿಗ್ಗಿಸತೊಡಗಿದನು. ಕಟ್ಟಿದ ಪಾರ್ಶ್ವಭಾಗಗಳನ್ನು ನಡುವೆ ಕೆಡವಿ ಮತ್ತೆ ಕಟ್ಟಬೇಕಾಯಿತು. ೧೮೨೯ರ ಹೊತ್ತಿಗೆ ವೆಚ್ಚವು ಸುಮಾರು ಐದು ಲಕ್ಷ ಪೌಂಡುಗಳಿಗೆ ಏರಿದ್ದಿತು. ೧೮೩೦ರಲ್ಲಿ ರಾಜನು ತೀರಿಕೊಂಡ ಮೇಲೆ ನ್ಯಾಷನು ಆ ಕೆಲಸವನ್ನೇ ಕಳೆದುಕೊಂಡನು. ಕೆಲಸದ ನಡುವೆ ಮನಸ್ಸು ಬದಲಾಯಿಸುವುದು ಯಾವ ಅಂದಾಜನ್ನಾದರೂ ಕೆಡಿಸುತ್ತದೆಂಬುದು ಇದರ ಪಾಠ.

ಭಾರತದಲ್ಲಿ ಡಾಲ್‌ಹೌಸಿಯ ಆಳಿಕೆಯಲ್ಲಿ, ೧೮೫೪-೫೫ರ ಸುಮಾರಿನಲ್ಲಿ, ಲೋಕೋಪಯೋಗಿ ಇಲಾಖೆಯು ರೂಪುಗೊಂಡಿತು. ಅಳತೆ ಪುಸ್ತಕ, ದರಪಟ್ಟಿ, ವಿವರವಾದ ಅಂದಾಜು ಪಟ್ಟಿ ಇವು ಆ ಇಲಾಖೆಯ ಆಡಳಿತದ ಆಧಾರಗಳು. ಇಂದಿಗೂ ಇದರ ಸೂತ್ರವು ಸರಳವೇ: ಪ್ರತಿಯೊಂದು ಬಾಬಿನ ಪರಿಮಾಣವನ್ನು ಅದರ ದರದಿಂದ ಗುಣಿಸಿ ಎಲ್ಲವನ್ನೂ ಕೂಡುವುದು.

ಒಂದು ಉದಾಹರಣೆಯನ್ನು ನೋಡೋಣ. ಹಳೆಯ ಗೋಡೆಗೆ ತಾಗಿಸಿ ಒಳಅಳತೆ ೧೨ ಅಡಿಗೆ ೧೦ ಅಡಿಯ ಒಂದು ಕೋಣೆಯನ್ನು ಕೂಡಿಸಬೇಕಾಗಿದೆ ಎಂದಿಟ್ಟುಕೊಳ್ಳಿ. ೧೨ ಅಡಿಯ ಬದಿಗೆ ಹಳೆಯ ಗೋಡೆಯೇ ಇರುವುದರಿಂದ ಹೊಸ ಗೋಡೆಗಳು ಮೂರೇ. ಗೋಡೆಯ ದಪ್ಪ ೯ ಅಂಗುಲ, ಎತ್ತರ ೧೦ ಅಡಿ. ಎದುರು ಗೋಡೆಯ ಉದ್ದ ೧೩½ ಅಡಿ, ಎರಡು ಪಕ್ಕದವು ಸೇರಿ ೨೦ ಅಡಿ, ಒಟ್ಟು ೩೩½ ಅಡಿ. ಇದರ ಇಟ್ಟಿಗೆ ಕೆಲಸವು ೨೫೧¼ ಘನ ಅಡಿ. ೪ ಅಡಿ ಚೌಕದ ಎರಡು ಕಿಟಕಿಗಳಿಗೆ ೨೪ ಘನ ಅಡಿ ಕಳೆದರೆ ಉಳಿಯುವುದು ೨೨೭¼ ಘನ ಅಡಿ. ಅಗೆತ, ತಳಪಾಯ, ಛಾವಣಿ, ಗಿಲಾವು, ನೆಲ, ಬಣ್ಣ, ಎಲ್ಲವನ್ನೂ ಹೀಗೆಯೇ ಅಳೆಯಬೇಕು.

ಮೇಸ್ತ್ರಿಗಳು ಸಾಮಾನ್ಯವಾಗಿ ನೂರು ಚದರ ಅಡಿಯ ಒಂದು 'ಚದರ'ಕ್ಕೆ ಇಷ್ಟೆಂದು ಹೇಳುತ್ತಾರೆ. ಮೇಲಿನ ಕೋಣೆಯ ಹೊರಅಳತೆ ಸುಮಾರು ೧೪೫ ಚದರ ಅಡಿ, ಎಂದರೆ ಒಂದೂವರೆ ಚದರಕ್ಕೆ ತುಸು ಕಡಿಮೆ. ಆದರೆ ಚದರದ ದರವು ಇಡೀ ಹೊಸ ಮನೆಯ ಸರಾಸರಿ. ಕೂಡಿಸುವುದು ಬರಿಯ ಮಲಗುವ ಕೋಣೆಯಾದರೆ ಆ ದರವು ಹೆಚ್ಚಾದೀತು. ಕೊಳಾಯಿ, ಚರಂಡಿಗಳು ಬೇಕಾಗುವ ಬಚ್ಚಲು ಅಥವಾ ಅಡಿಗೆಮನೆಯಾದರೆ ಸಾಲದೇ ಹೋದೀತು. ಅಲ್ಲದೆ, ಹಳೆಯ ಗೋಡೆಯನ್ನು ಕೊರೆದು ಬಾಗಿಲು ಇಡುವುದು, ಆಗ ಮೇಲಿನ ಭಾರಕ್ಕೆ ಊರೆ ಕೊಡುವುದು, ಹಳೆ ಹೊಸ ಗೋಡೆಗಳ ಕೂಡುವೆಡೆಯಲ್ಲಿ ಬಿರುಕು ಬಾರದಂತೆ ನೋಡುವುದು, ಮಣ್ಣು ಕಲ್ಲುಗಳನ್ನು ಸಾಗಿಸುವುದು, ಈ ಯಾವುವೂ ಆ ದರದಲ್ಲಿ ಅಡಕವಾಗಿರುವುದಿಲ್ಲ. ಇದಕ್ಕೆ ಪ್ರತಿಯಾಗಿ, ಹಳೆಯ ತೇಗದ ತೊಲೆ, ಬಾಗಿಲು, ಚಪ್ಪಡಿಗಳಿಗೆ ಬೆಲೆಕಟ್ಟಿ ಅಂದಾಜಿನಲ್ಲಿ ವಜಾ ಹಾಕಬೇಕು. ಇಲ್ಲದಿದ್ದರೆ ಅವು ಲೆಕ್ಕವಿಲ್ಲದೆ ಕಾಣೆಯಾಗುತ್ತವೆ.

ಅಳೆಯಲಾರದ ಅಂಶವೆಂದರೆ ಗೋಡೆಯೊಳಗೆ ಅಡಗಿರುವುದು. ಗಿಲಾವನ್ನು ಕೆತ್ತುವವರೆಗೆ ಒಳಗಿರುವುದು ಸುಣ್ಣದ ಗಾರೆಯೋ ಮಣ್ಣೋ ತಿಳಿಯದು. ಜಂತೆಯ ತುದಿ ಗೆದ್ದಲು ಹಿಡಿದಿದೆಯೋ ಇಲ್ಲವೋ ಕಾಣದು. ಆದುದರಿಂದ, ಅಂದಾಜಿಗೆ ಮೊದಲೇ ಎರಡು ಮೂರು ಕಡೆ ಗಿಲಾವನ್ನು ಬಿಡಿಸಿ, ತಳಪಾಯದ ಪಕ್ಕದಲ್ಲಿ ಒಂದು ಗುಂಡಿ ತೋಡಿಸಿ ನೋಡುವುದು ಮಿತವ್ಯಯದ ಮಾರ್ಗ. ಹೊಸ ಕಟ್ಟಡದ ಅಂದಾಜಿನಲ್ಲಿ ಆಕಸ್ಮಿಕ ವೆಚ್ಚಕ್ಕೆ ಶೇಕಡ ೩ರಿಂದ ೫ರವರೆಗೆ ಸೇರಿಸುವುದು ರೂಢಿ. ಹಳೆಯ ಮನೆಗೆ ೧೦ರಿಂದ ೨೦ರವರೆಗೆ ಕಾದಿರಿಸುವುದು ಉಚಿತ. ಈ ಹಣವನ್ನು ಬಣ್ಣದ ಸೊಗಸಿಗಾಗಲಿ ನೆಲಗಲ್ಲಿನ ಆಸೆಗಾಗಲಿ ಮುಟ್ಟಬಾರದು. ಹೆಚ್ಚುವರಿ ಕೆಲಸಕ್ಕೆ ದರವೇನು, ಯಾವ ಮಿತಿಯ ಮೇಲೆ ಯಾರ ಹೊಣೆ ಎಂಬುದನ್ನು ಕೆಲಸಕ್ಕೆ ಮುನ್ನವೇ ಬರೆದಿಟ್ಟುಕೊಳ್ಳಬೇಕು. ಎಫಿಸಸಿನವರು ಶಾಸನದಿಂದ ಸಾಧಿಸಿದ್ದನ್ನು ನಾವು ಕರಾರಿನಿಂದ ಸಾಧಿಸಬೇಕಾಗಿದೆ.

ಕೊನೆಯದಾಗಿ, ಕೆಲಸ ಮುಗಿದ ಮೇಲೆ ಅಂದಾಜು ಪಟ್ಟಿಯನ್ನೂ ನಿಜವಾದ ಲೆಕ್ಕವನ್ನೂ ತಳಪಾಯದ ಆಳ, ಕೊಳಾಯಿಗಳ ಜಾಡು ಇವುಗಳ ವಿವರದೊಡನೆ ಜೋಪಾನ ಮಾಡಬೇಕು. ಇತಿಹಾಸದ ವಿದ್ಯಾರ್ಥಿಗೆ ಅದು ಕೂಲಿ ಬೆಲೆಗಳ ದಾಖಲೆ. ಮುಂದೊಂದು ದಿನ ಅದೇ ಗೋಡೆಯನ್ನು ಒಡೆಯಬೇಕಾದ ಮಕ್ಕಳಿಗೆ ಮೊದಲನೆಯ ಅಂದಾಜು.