ಕಾಳಿಯ ದಂಡೆಯಲ್ಲಿ ಮುನ್ನೂರು ವರ್ಷದ ಕಾವಲು

ಕಾರವಾರದಿಂದ ಕಾಳಿ ನದಿಯ ಗುಂಟ ಘಟ್ಟದ ಕಡೆ ಹೊರಟರೆ ಮಲ್ಲಾಪುರ, ಕದ್ರಾಗಳ ಆಚೆ ಕಾಡು ದಟ್ಟವಾಗುತ್ತದೆ. ಮಳೆಗಾಲದಲ್ಲಿ ಬೆಟ್ಟ ಎಲ್ಲಿ ಮುಗಿಯಿತು, ಮೋಡ ಎಲ್ಲಿ ಶುರುವಾಯಿತು ತಿಳಿಯದು. ಮಂಗಟ್ಟೆ ಹಕ್ಕಿಯ ರೆಕ್ಕೆ ಸದ್ದು ಆಗಾಗ ತಲೆಯ ಮೇಲಿಂದ ಹಾದುಹೋಗುತ್ತದೆ. ಕದ್ರಾ ಜಲಾಶಯದ ಹಿನ್ನೀರಿನ ಬದಿಗೆ, ಆ ಹಸಿರಿನ ನಡುವೆ, ಬೂದುಬಣ್ಣದ ಗುಮ್ಮಟಗಳು ಕಾಣುತ್ತವೆ. ಅದೇ ಕೈಗಾ ಅಣು ವಿದ್ಯುತ್ ಕೇಂದ್ರ. ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳಲ್ಲಿ ಮೊದಲೆರಡು 2000ದಿಂದ ದುಡಿಯುತ್ತಿವೆ.

ಗುಮ್ಮಟ ದೂರದಿಂದಲೇ ಕಾಣುತ್ತದೆ. ಕಸ ಕಾಣುವುದಿಲ್ಲ, ಅದು ನೆಲದೊಳಗಿದೆ. ವಿಕಿರಣ ಸೋಂಕಿದ ಕೈಗವಸು, ಒರೆಸಿದ ಬಟ್ಟೆ, ಬಿಚ್ಚಿ ತೆಗೆದ ಪೈಪು, ನೀರು ಸೋಸಿದ ರಾಳ. ತೀರಾ ಕಡಿಮೆ ವಿಕಿರಣದ ಸಾಮಾನಿಗೆ ಕಲ್ಲು ಕಟ್ಟಿದ ಕಂದಕ, ಅದಕ್ಕಿಂತ ಹೆಚ್ಚಿನದಕ್ಕೆ ಕಾಂಕ್ರೀಟ್ ತೊಟ್ಟಿ, ಇನ್ನೂ ತೀಕ್ಷ್ಣವಾದದ್ದಕ್ಕೆ ಟೈಲ್ ಹೋಲ್ ಎಂಬ ಆಳದ ಗುಂಡಿ. ಉರಿದ ಇಂಧನದ ದಾರಿಯೇ ಬೇರೆ. 19 ಕಡ್ಡಿಗಳನ್ನು ಜೋಡಿಸಿದ, ಅರ್ಧ ಮೀಟರ್ ಉದ್ದದ ಕಟ್ಟು ಅದು. ರಿಯಾಕ್ಟರಿಗೆ ಹೋಗುವ ಮುಂಚೆ ಕೈಯಲ್ಲೇ ಎತ್ತಬಹುದು. ಹೊರಬಂದ ಮೇಲೆ ಹತ್ತಿರ ಸುಳಿಯುವಂತಿಲ್ಲ. ಆಳದ ನೀರಿನ ಕೊಳದಲ್ಲಿ ವರ್ಷಗಟ್ಟಲೆ ತಣಿಯಬೇಕು.

ಕೊಳಕ್ಕೆ ನೀರು ರಕ್ಷೆ, ಕಂದಕಕ್ಕೆ ಅದೇ ವೈರಿ. ಮಳೆ ಒಳಗಿಳಿದರೆ ಸೀಸಿಯಂ, ಸ್ಟ್ರಾನ್ಷಿಯಂನಂಥ ವಿಕಿರಣಶೀಲ ಧಾತುಗಳು ಅಂತರ್ಜಲ ಹಿಡಿದು ಹೊಳೆಯತ್ತ ಸಾಗಬಲ್ಲವು. ಅದಕ್ಕೆಂದೇ ಸುತ್ತ ಬಾವಿ ಕೊರೆದು ನೀರು ಪರೀಕ್ಷಿಸುತ್ತಾರೆ. ಪರಿಸರ ಸಮೀಕ್ಷಾ ಪ್ರಯೋಗಾಲಯಕ್ಕೆ ಸುತ್ತಲಿನ ಹಳ್ಳಿಗಳ ಹಾಲು, ಅಕ್ಕಿ, ಕಾಳಿಯ ಮೀನು, ಹೊಳೆಯ ಹೂಳು ಬರುತ್ತವೆ. ಮೀನನ್ನು ಒಣಗಿಸಿ, ಸುಟ್ಟು, ಆ ಹಿಡಿ ಬೂದಿಯನ್ನು ದಪ್ಪ ಸೀಸದ ಗೋಡೆಯೊಳಗಿನ ಡಿಟೆಕ್ಟರಿನೆದುರು ಗಂಟೆಗಟ್ಟಲೆ ಇಡುತ್ತಾರೆ. ಜನಸಾಮಾನ್ಯರಿಗೆ ವರ್ಷಕ್ಕೆ 1 ಮಿಲಿಸೀವರ್ಟ್ ಎಂಬುದು ಮಿತಿ. ಕೈಗಾದ ಪಾಲು ಅದಕ್ಕಿಂತ ಬಹಳ ಕೆಳಗಿದೆ ಎಂದು ಅಧಿಕೃತ ವರದಿಗಳು ಹೇಳುತ್ತವೆ.

ಆದರೆ ಈ ಕಾವಲು ಒಂದು ತಲೆಮಾರಿನದಲ್ಲ. ಸೀಸಿಯಂ-137 ಅರ್ಧಕ್ಕಿಳಿಯಲು 30 ವರ್ಷ ಬೇಕು. ಹತ್ತು ಸಲ ಅರ್ಧವಾಗಿ ಸಾವಿರದಲ್ಲೊಂದು ಪಾಲಾಗಲು 300 ವರ್ಷ. ಕಾಳಿ ಕಡಲು ಸೇರುವಲ್ಲಿ ಸೋದೆಯ ಅರಸರು ಸದಾಶಿವಗಡದ ಕೋಟೆ ಕಟ್ಟಿದ್ದು ಸುಮಾರು 300 ವರ್ಷದ ಹಿಂದೆ. ಅಲ್ಲಿಂದೀಚೆಗೆ ಆ ಕೋಟೆ ಪೋರ್ಚುಗೀಸರನ್ನು ಕಂಡಿತು, ಹೈದರಾಲಿಯನ್ನು ಕಂಡಿತು, ಇಂಗ್ಲಿಷರನ್ನೂ ಕಂಡಿತು. ಮುಂದೆ ಯಾರ ಆಳ್ವಿಕೆ ಬಂದರೂ ಕಂದಕದ ಕಾವಲು ಮಾತ್ರ ತಪ್ಪುವಂತಿಲ್ಲ.

ಈ ಕಾವಲಿನ ಬಗ್ಗೆ ಜನರ ಪ್ರಶ್ನೆ ಹೊಸದಲ್ಲ. ಸಾಹಿತಿ ಶಿವರಾಮ ಕಾರಂತರು ಕೈಗಾ ಯೋಜನೆಯನ್ನು ವಿರೋಧಿಸಿ 1989ರ ಲೋಕಸಭಾ ಚುನಾವಣೆಗೇ ನಿಂತಿದ್ದರು. ಮುಂದೆ ತಲಾ 700 ಮೆಗಾವಾಟ್‌ನ 5 ಮತ್ತು 6ನೇ ಘಟಕಗಳಿಗಾಗಿ 2018ರ ಡಿಸೆಂಬರಿನಲ್ಲಿ ಮಲ್ಲಾಪುರದಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆದು, ಮರುವರ್ಷ ಪರಿಸರ ಅನುಮತಿ ಬಂತು. ಇಂಥ ಸಭೆಗೆ ಮೊದಲು ಪರಿಸರ ವರದಿಯ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲೂ ಕೊಡಬೇಕೆಂದು ಕೇಂದ್ರ ಸರ್ಕಾರದ 2006ರ ಅಧಿಸೂಚನೆ ಹೇಳುತ್ತದೆ. ಅಪಾಯದ ಲೆಕ್ಕವನ್ನು ಜನರ ಮಾತಿನಲ್ಲೇ ಜನರಿಗೆ ಒಪ್ಪಿಸಬೇಕೆಂಬ ಈ ತತ್ತ್ವ ಸಭೆಯ ದಿನಕ್ಕೇ ಮುಗಿಯಬಾರದು. ಪರೀಕ್ಷೆಗೆ ಹಾಲು ಹೋದ ಮನೆಗೂ, ಮೀನು ಹಿಡಿದವನ ಊರಿಗೂ ಪ್ರತಿ ವರ್ಷದ ಅಳತೆ ಕನ್ನಡದಲ್ಲಿ ತಲುಪಬೇಕು, ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಕಾಣಬೇಕು. ಕಸ ಇಟ್ಟುಕೊಂಡ ಊರಿಗೆ ಅದರ ಲೆಕ್ಕ ಕೇಳುವ ಹಕ್ಕಿದೆ. ಅದನ್ನು ಕೊಡುವುದು ಸರ್ಕಾರದ ಕರ್ತವ್ಯ.