ಎರಡು ವೆಬ್‌ಕ್ಯಾಮ್, ಒಂದು ಪಟ್ಟಿ, ದೂರದ ಲೆಕ್ಕ

2023ರ ಆಗಸ್ಟ್ 27ರಂದು ಚಂದ್ರನ ಮೇಲೆ ಪ್ರಜ್ಞಾನ್ ರೋವರ್‌ಗೆ ಒಂದು ಕುಳಿ ಎದುರಾಯಿತು. ಕುಳಿಯ ಅಗಲ 4 ಮೀಟರ್, ರೋವರ್‌ಗೂ ಅದಕ್ಕೂ ನಡುವೆ ಇದ್ದ ಅಂತರ 3 ಮೀಟರ್. ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುವಂತೆ ಭೂಮಿಯಿಂದ ಆದೇಶ ಹೋಯಿತು, ರೋವರ್ ಬೇರೆ ದಾರಿ ಹಿಡಿಯಿತು. ಕುಳಿಯನ್ನು ಕಂಡದ್ದು ರೋವರ್‌ನ ನ್ಯಾವಿಗೇಶನ್ ಕ್ಯಾಮೆರಾ. ಅಕ್ಕಪಕ್ಕ ಕೂರಿಸಿದ ಎರಡು ಕ್ಯಾಮೆರಾಗಳ ಈ ಜೋಡಿ ಸಿದ್ಧವಾದದ್ದು ಬೆಂಗಳೂರಿನಲ್ಲಿರುವ ಇಸ್ರೊದ ಲಿಯೋಸ್ ಪ್ರಯೋಗಾಲಯದಲ್ಲಿ. ಎಡದ ಚಿತ್ರ ಮತ್ತು ಬಲದ ಚಿತ್ರಗಳನ್ನು ಹೋಲಿಸಿ, ಮುಂದಿನ ನೆಲ ಎಲ್ಲಿ ಉಬ್ಬಿದೆ, ಎಲ್ಲಿ ತಗ್ಗಿದೆ ಎಂಬ ನಕ್ಷೆಯನ್ನು ಭೂಮಿಯ ಮೇಲಿದ್ದವರು ತಯಾರಿಸುತ್ತಿದ್ದರು. ಆ ನಕ್ಷೆ ಒಂದು ಸಲಕ್ಕೆ ಸಿಗುತ್ತಿದ್ದುದು ಸುಮಾರು 5 ಮೀಟರ್‌ವರೆಗೆ. ಹಾಗಾಗಿ ಒಂದು ಆದೇಶಕ್ಕೆ ರೋವರ್ ಇಡಬಹುದಾಗಿದ್ದ ಹೆಜ್ಜೆಯೂ ಅಷ್ಟೇ.

ಇದೇ ಕೆಲಸವನ್ನು ಮನೆಯ ಮೇಜಿನ ಮೇಲೆ ಎರಡು ವೆಬ್‌ಕ್ಯಾಮ್‌ಗಳಿಂದ ಮಾಡಬಹುದು. ಸಾವಿರದಿಂದ ಎರಡು ಸಾವಿರ ರೂಪಾಯಿಯೊಳಗೆ ಸಿಗುವ ಎರಡು ಒಂದೇ ಮಾದರಿಯ ಕ್ಯಾಮೆರಾ, ಒಂದು ಅಲ್ಯೂಮಿನಿಯಂ ಪಟ್ಟಿ, ಪ್ರಿಂಟ್ ತೆಗೆದ ಒಂದು ಚದುರಂಗದ ಹಾಳೆ, ಉಚಿತವಾಗಿ ಸಿಗುವ ಓಪನ್‌ಸಿವಿ ತಂತ್ರಾಂಶ ಇದ್ದರೆ ಸಾಕು. ದೂರ ಅಳೆಯುವ ಕ್ಯಾಮೆರಾಗಳು ಸಿದ್ಧವಾಗಿಯೇ ಸಿಗುತ್ತವೆ, ಆದರೆ ಅವುಗಳ ಬೆಲೆ ಇದರ ಹಲವು ಪಟ್ಟು. ದುಡ್ಡಿದ್ದವರಿಗೂ ನಾನು ಹೇಳುವುದು, ಮೊದಲ ಜೋಡಿಯನ್ನು ಕೈಯಾರೆ ಕಟ್ಟಿ ಎಂದೇ. ಸಿದ್ಧ ಕ್ಯಾಮೆರಾ ‘2.14 ಮೀಟರ್’ ಎಂದು ಹೇಳಿದಾಗ ಅದನ್ನು ಎಷ್ಟು ನಂಬಬೇಕು ಎಂಬುದು ಅದರ ಡಬ್ಬಿಯ ಮೇಲೆ ಬರೆದಿರುವುದಿಲ್ಲ. ಜೋಡಿಯನ್ನು ತಾನೇ ಕಟ್ಟಿದವರಿಗೆ ಅದು ಗೊತ್ತಿರುತ್ತದೆ.

ಇದರ ಹಿಂದಿನ ಜ್ಯಾಮಿತಿ ಹಳೆಯದು. 1800ರಲ್ಲಿ ಭೂಮಾಪಕ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಯಲಿನಲ್ಲಿ ನೂರು ಅಡಿಯ ಉಕ್ಕಿನ ಸರಪಳಿ ಹಿಡಿದು ಸುಮಾರು ಏಳೂವರೆ ಮೈಲಿ ಉದ್ದದ ಒಂದು ಸರಳರೇಖೆಯನ್ನು ಅಳೆದ. ಆ ಒಂದು ರೇಖೆ ನಿಖರವಾಗಿ ಗೊತ್ತಿದ್ದರೆ, ಅದರ ಎರಡು ತುದಿಗಳಿಂದ ದೂರದ ಬೆಟ್ಟ ಯಾವ ಕೋನದಲ್ಲಿ ಕಾಣುತ್ತದೆ ಎಂದು ನೋಡಿ, ಬೆಟ್ಟದವರೆಗೆ ನಡೆಯದೆಯೇ ದೂರ ಹೇಳಬಹುದು. ವೆಬ್‌ಕ್ಯಾಮ್ ಜೋಡಿಯಲ್ಲಿ ಆ ಆಧಾರ ರೇಖೆ ಎಂದರೆ ಎರಡು ಲೆನ್ಸ್‌ಗಳ ನಡುವಿನ ಅಂತರ. ಕೋನಗಳನ್ನು ಅಳೆಯುವುದು ಪಿಕ್ಸೆಲ್‌ಗಳು. ಎದುರಿಗಿರುವ ವಸ್ತು ಎಡ ಚಿತ್ರದಲ್ಲಿ ಒಂದು ಕಡೆ, ಬಲ ಚಿತ್ರದಲ್ಲಿ ಸ್ವಲ್ಪ ಎಡಕ್ಕೆ ಸರಿದು ಕಾಣುತ್ತದೆ. ಎಷ್ಟು ಪಿಕ್ಸೆಲ್ ಸರಿದಿದೆ ಎಂಬುದಕ್ಕೆ ಡಿಸ್ಪಾರಿಟಿ ಎನ್ನುತ್ತಾರೆ. ವಸ್ತು ಹತ್ತಿರವಿದ್ದಷ್ಟೂ ಅದು ಹೆಚ್ಚು, ದೂರ ಹೋದಷ್ಟೂ ಕಡಿಮೆ. ಲೆನ್ಸಿನ ನಾಭಿದೂರವನ್ನು ಪಿಕ್ಸೆಲ್ ಲೆಕ್ಕದಲ್ಲಿ ತೆಗೆದುಕೊಂಡು, ಆಧಾರ ರೇಖೆಯಿಂದ ಗುಣಿಸಿ, ಡಿಸ್ಪಾರಿಟಿಯಿಂದ ಭಾಗಿಸಿದರೆ ದೂರ ಬರುತ್ತದೆ.

ಸಾಮಾನ್ಯ ವೆಬ್‌ಕ್ಯಾಮ್ ಅಡ್ಡಡ್ಡಲಾಗಿ ಸುಮಾರು 50 ಡಿಗ್ರಿ ನೋಡುತ್ತದೆ ಎಂದುಕೊಳ್ಳಿ. 640 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಅದರ ನಾಭಿದೂರ ಹೆಚ್ಚುಕಡಿಮೆ 700 ಪಿಕ್ಸೆಲ್ ಆಗುತ್ತದೆ. ಎರಡನ್ನೂ 10 ಸೆಂಟಿಮೀಟರ್ ಅಂತರದಲ್ಲಿ ಕೂರಿಸಿದರೆ, 1 ಮೀಟರ್ ದೂರದ ವಸ್ತು 70 ಪಿಕ್ಸೆಲ್ ಸರಿಯುತ್ತದೆ, 2 ಮೀಟರ್‌ನದು 35, 5 ಮೀಟರ್‌ನದು 14, 10 ಮೀಟರ್‌ನದು 7. ಈಗ ಎರಡು ಚಿತ್ರಗಳನ್ನು ಹೊಂದಿಸುವಾಗ ಒಂದೇ ಒಂದು ಪಿಕ್ಸೆಲ್ ತಪ್ಪಿತು ಎಂದಿಟ್ಟುಕೊಳ್ಳಿ. 1 ಮೀಟರ್‌ನಲ್ಲಿ ಆಗುವ ವ್ಯತ್ಯಾಸ ಒಂದೂವರೆ ಸೆಂಟಿಮೀಟರ್‌ನಷ್ಟು, 2 ಮೀಟರ್‌ನಲ್ಲಿ ಸುಮಾರು 6 ಸೆಂಟಿಮೀಟರ್, 5 ಮೀಟರ್‌ನಲ್ಲಿ 36, ಹತ್ತು ಮೀಟರ್‌ನಲ್ಲಿ ಹತ್ತಿರ ಹತ್ತಿರ ಒಂದೂವರೆ ಮೀಟರ್. ದೂರ ಎರಡು ಪಟ್ಟಾದರೆ ತಪ್ಪು ನಾಲ್ಕು ಪಟ್ಟಾಗುತ್ತದೆ. ಈ ವಿಧಾನದ ಗುಣವೇ ಅದು, ಎಷ್ಟು ದುಬಾರಿ ಕ್ಯಾಮೆರಾ ತಂದರೂ ಈ ವರ್ಗದ ಲೆಕ್ಕ ಬದಲಾಗುವುದಿಲ್ಲ. ಕೋಣೆಯೊಳಗಿನ ಕೆಲಸಕ್ಕೆ 10 ಸೆಂಟಿಮೀಟರ್ ಅಂತರ ಹದವಾದದ್ದು. ಅಂತರ ಹೆಚ್ಚಿಸಿದರೆ ದೂರದ ಅಳತೆ ಸುಧಾರಿಸುತ್ತದೆ ನಿಜ, ಆದರೆ ಹತ್ತಿರದ ವಸ್ತು ಒಂದು ಕ್ಯಾಮೆರಾದ ಕಣ್ಣಿಗೆ ಬಿದ್ದು ಇನ್ನೊಂದರಿಂದ ತಪ್ಪಿಸಿಕೊಳ್ಳುತ್ತದೆ.

ಕ್ಯಾಮೆರಾ ಆರಿಸುವಾಗ ಒಂದು ವಿಷಯದಲ್ಲಿ ಅಗ್ಗದ್ದೇ ಒಳ್ಳೆಯದು. ಆಟೊಫೋಕಸ್ ಇರುವ ವೆಬ್‌ಕ್ಯಾಮ್ ತನ್ನಷ್ಟಕ್ಕೆ ಲೆನ್ಸನ್ನು ಹಿಂದೆ ಮುಂದೆ ಸರಿಸುತ್ತಿರುತ್ತದೆ. ಪ್ರತಿ ಸಲ ಸರಿದಾಗಲೂ ನಾಭಿದೂರ ಚೂರು ಬದಲಾಗುತ್ತದೆ, ಕ್ಯಾಮೆರಾ ಜೋಡಿಯನ್ನು ಅಳೆದು ನಾವು ಕಷ್ಟಪಟ್ಟು ಮಾಡಿದ ಕ್ಯಾಲಿಬ್ರೇಶನ್ ಅಲ್ಲಿಗೆ ಕೆಟ್ಟಂತೆ. ಲಾಜಿಟೆಕ್ ಸಿ270ಯಂಥ, ಫೋಕಸ್ ಸ್ಥಿರವಾಗಿರುವ ಸರಳ ಕ್ಯಾಮೆರಾಕ್ಕೆ ಈ ಕಾಟವಿಲ್ಲ. ಆಟೊಫೋಕಸ್ ಕ್ಯಾಮೆರಾವೇ ಕೈಯಲ್ಲಿದ್ದರೆ ಅದನ್ನು ತಂತ್ರಾಂಶದಿಂದ ಆಫ್ ಮಾಡಿ. ಹಾಗೆಯೇ ಬೆಳಕಿಗೆ ತಕ್ಕಂತೆ ತಾನೇ ಬದಲಾಗುವ ಎಕ್ಸ್‌ಪೋಶರನ್ನೂ ಎರಡರಲ್ಲೂ ಒಂದೇ ಮಟ್ಟಕ್ಕೆ ನಿಲ್ಲಿಸಿ.

ಎರಡನ್ನೂ ಕಂಪ್ಯೂಟರಿಗೆ ಸಿಕ್ಕಿಸಿದಾಗ ಲಿನಕ್ಸ್‌ನಲ್ಲಿ ಒಂದು ವಿಚಿತ್ರ ಸಂದೇಶ ಬರುವುದುಂಟು: ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’. ಹಾರ್ಡ್‌ಡಿಸ್ಕ್ ತುಂಬಿತೇ ಎಂದು ಹುಡುಕಬೇಡಿ. ಜಾಗ ಸಾಲದಿರುವುದು ಯುಎಸ್‌ಬಿ ದಾರಿಯಲ್ಲಿ. ಯುಎಸ್‌ಬಿ 2.0 ಸೆಕೆಂಡಿಗೆ ಹೆಚ್ಚೆಂದರೆ 480 ಮೆಗಾಬಿಟ್ ಸಾಗಿಸುತ್ತದೆ. 1280×720 ಗಾತ್ರದ ಚಿತ್ರಗಳನ್ನು ಕುಗ್ಗಿಸದೆ ಸೆಕೆಂಡಿಗೆ 30ರಂತೆ ಕಳಿಸಲು ಒಂದೇ ಕ್ಯಾಮೆರಾಕ್ಕೆ 442 ಮೆಗಾಬಿಟ್ ಬೇಕು. ಎರಡನೆಯದಕ್ಕೆ ದಾರಿ ಎಲ್ಲಿ? ಕ್ಯಾಮೆರಾವನ್ನು ಚಿತ್ರ ಕುಗ್ಗಿಸಿ ಕಳಿಸುವ ಎಂಜೆಪೆಗ್ ವಿಧಾನಕ್ಕೆ ಬದಲಿಸಿ, ಇಲ್ಲವೇ 640×480ಕ್ಕೆ ಇಳಿಸಿ. ಎರಡನ್ನೂ ಒಂದೇ ಹಬ್‌ಗೆ ಸಿಕ್ಕಿಸದೆ ಬೇರೆ ಬೇರೆ ಪೋರ್ಟ್‌ಗೆ ಕೊಡಿ. ಇನ್ನೊಂದು ಮಾತು: ಎಡದ್ದಕ್ಕೂ ಬಲದ್ದಕ್ಕೂ ಚೀಟಿ ಅಂಟಿಸಿ. ಕಂಪ್ಯೂಟರ್ ಆಫ್ ಆಗಿ ಆನ್ ಆದಾಗ ಅವುಗಳ ಕ್ರಮಸಂಖ್ಯೆ ಅದಲುಬದಲಾಗಬಹುದು. ಆಗ ದೂರದ ನಕ್ಷೆಯಲ್ಲಿ ಅರ್ಥವಿಲ್ಲದ ಚುಕ್ಕೆಗಳಷ್ಟೇ ಉಳಿಯುತ್ತವೆ.

ಇಡೀ ಯೋಜನೆ ನಿಲ್ಲುವುದು ಅಥವಾ ಬೀಳುವುದು ಕ್ಯಾಮೆರಾಗಳನ್ನು ಕೂರಿಸುವ ಪಟ್ಟಿಯ ಮೇಲೆ. ವೆಬ್‌ಕ್ಯಾಮ್‌ನ ಕ್ಲಿಪ್ ಲ್ಯಾಪ್‌ಟಾಪ್ ಪರದೆಯ ಮೇಲೆ ಕೂರಲೆಂದೇ ಮಾಡಿದ್ದು, ಅದು ಬೇಕಾದ ಹಾಗೆ ತಿರುಗುತ್ತದೆ. ನಮಗೆ ಬೇಕಿರುವುದು ತಿರುಗದ ಕ್ಯಾಮೆರಾ. ಲೆಕ್ಕ ಹಾಕಿ ನೋಡಿ: ಒಂದು ಕ್ಯಾಮೆರಾ ಪಕ್ಕಕ್ಕೆ ಡಿಗ್ರಿಯ ಹತ್ತರಲ್ಲಿ ಒಂದು ಭಾಗ ತಿರುಗಿದರೆ ಚಿತ್ರ 1.2 ಪಿಕ್ಸೆಲ್ ಸರಿಯುತ್ತದೆ. 5 ಮೀಟರ್ ದೂರದ ವಸ್ತು ಆಗ ಸುಮಾರು 40 ಸೆಂಟಿಮೀಟರ್ ತಪ್ಪಿ ತೋರುತ್ತದೆ. 10 ಸೆಂಟಿಮೀಟರ್ ಪಟ್ಟಿ ಅಷ್ಟು ತಿರುಗಲು ಅದರ ಒಂದು ತುದಿ 0.17 ಮಿಲಿಮೀಟರ್ ಸರಿದರೆ ಸಾಕು, ನೋಟ್‌ಬುಕ್ಕಿನ ಎರಡು ಹಾಳೆಗಳಷ್ಟು ದಪ್ಪ. ಗಮ್ ಟೇಪು, ರಬ್ಬರ್ ಬ್ಯಾಂಡು, ರಟ್ಟು ಯಾವುದೂ ಇದನ್ನು ತಡೆಯಲಾರವು. ಕಿಟಕಿಯ ಚೌಕಟ್ಟು ಮಾಡುವ ಅಂಗಡಿಯಲ್ಲಿ ಅಲ್ಯೂಮಿನಿಯಂ ಸೆಕ್ಷನ್‌ನ ಚೂರು ಕೇಳಿ. ಕ್ಲಿಪ್ ಬಿಚ್ಚಿ, ಕ್ಯಾಮೆರಾದ ಮೈಯನ್ನೇ ಪಟ್ಟಿಗೆ ಒತ್ತಿ ಸ್ಕ್ರೂ ಹಾಕಿ, ಸಂದುಗಳಿಗೆ ಎಂ-ಸೀಲ್ ತುಂಬಿ ಒಂದು ರಾತ್ರಿ ಗಟ್ಟಿಯಾಗಲು ಬಿಡಿ. ವೈರುಗಳನ್ನೂ ಪಟ್ಟಿಗೇ ಕಟ್ಟಿಹಾಕಿ. ಜೋತಾಡುವ ವೈರಿನ ಎಳೆತಕ್ಕೇ ಕ್ಯಾಮೆರಾ ಅಲುಗಾಡುತ್ತದೆ. ಎರಡೂ ಕ್ಯಾಮೆರಾ ಕರಾರುವಾಕ್ಕಾಗಿ ಸಮಾನಾಂತರ ನೋಡಬೇಕೆಂದೇನೂ ಇಲ್ಲ, ಸ್ವಲ್ಪ ಓರೆಯಿದ್ದರೆ ಗಣಿತ ಸರಿಪಡಿಸುತ್ತದೆ. ಆ ಓರೆ ನಾಳೆಯೂ ಅಷ್ಟೇ ಇರಬೇಕು, ಅಷ್ಟೆ.

ಆ ಓರೆಯನ್ನು ಅಳೆಯುವುದೇ ಕ್ಯಾಲಿಬ್ರೇಶನ್. ಒಂದು ಕಾಲಕ್ಕೆ ಇದಕ್ಕೆ ಪ್ರಯೋಗಾಲಯ ಬೇಕಿತ್ತು. ಬಿಂದುಗಳ ಸ್ಥಾನ ನಿಖರವಾಗಿ ಗೊತ್ತಿರುವ ಮೂರು ಆಯಾಮದ ವಸ್ತುವೊಂದನ್ನು ಮಾಡಿಸಿ ಅದರ ಚಿತ್ರ ತೆಗೆಯಬೇಕಿತ್ತು. ಮೈಕ್ರೊಸಾಫ್ಟ್ ರಿಸರ್ಚ್‌ನಲ್ಲಿದ್ದ ಝೆಂಗ್ಯು ಝಾಂಗ್ 2000ದಲ್ಲಿ ಪ್ರಕಟಿಸಿದ ವಿಧಾನ ಆ ಅಗತ್ಯವನ್ನೇ ತೆಗೆದುಹಾಕಿತು. ಸಪಾಟಾದ ಹಲಗೆಗೆ ಅಂಟಿಸಿದ ಒಂದು ಚಿತ್ತಾರ ಸಾಕು, ಅದನ್ನು ಹೇಗೆ ಬೇಕಾದರೂ ಹಿಡಿದು ಹಲವು ಚಿತ್ರ ತೆಗೆಯಬಹುದು, ಎಲ್ಲಿ ಹಿಡಿದೆವು ಎಂದು ಅಳೆಯುವ ಅಗತ್ಯವೂ ಇಲ್ಲ. ಆ ಎಲ್ಲ ಚಿತ್ರಗಳಿಗೂ ಒಟ್ಟಿಗೆ ಹೊಂದುವ ಲೆನ್ಸಿನ ಗುಣಗಳನ್ನು ಗಣಿತವೇ ಹುಡುಕಿ ತೆಗೆಯುತ್ತದೆ. ಇಂದು ಹಾಸನದ ಡಿಪ್ಲೊಮಾ ವಿದ್ಯಾರ್ಥಿಯೂ ಎ4 ಹಾಳೆಯ ಮೇಲೆ ಈ ಕೆಲಸ ಮಾಡಬಲ್ಲ ಎಂದರೆ ಅದಕ್ಕೆ ಆ ಪ್ರಬಂಧ ಒಂದು ಕಾರಣ, 1999ರಲ್ಲಿ ಇಂಟೆಲ್‌ನಲ್ಲಿ ಶುರುವಾಗಿ ಎಲ್ಲರಿಗೂ ಮುಕ್ತವಾದ ಓಪನ್‌ಸಿವಿ ಇನ್ನೊಂದು ಕಾರಣ. ಕಂಪ್ಯೂಟರ್ ದೃಷ್ಟಿಯ ಚರಿತ್ರೆಯಲ್ಲಿ ಇವೆರಡಕ್ಕೂ ನಾನು ಬಹಳ ದೊಡ್ಡ ಸ್ಥಾನ ಕೊಡುತ್ತೇನೆ.

ಚದುರಂಗದ ಹಾಳೆಯನ್ನು ಫೋಟೊ ಫ್ರೇಮಿನ ಗಾಜಿಗೆ ಸುಕ್ಕಿಲ್ಲದೆ ಅಂಟಿಸಿ. ಗಾಜಿಗಿಂತ ಸಪಾಟಾದ ವಸ್ತು ಮನೆಯಲ್ಲಿ ಇನ್ನೊಂದು ಸಿಗುವುದು ಕಷ್ಟ. ಹಾಳೆ ಗಾಜಿನ ಮುಂದಿರಲಿ, ಹಿಂದೆ ಬೇಡ, ಇಲ್ಲದಿದ್ದರೆ ದೀಪದ ಪ್ರತಿಬಿಂಬ ಚೌಕಗಳನ್ನು ಮುಚ್ಚುತ್ತದೆ. ಎರಡೂ ಕ್ಯಾಮೆರಾಗಳಿಗೆ ಪೂರ್ತಿ ಕಾಣುವಂತೆ ಹಿಡಿದು, ಹತ್ತಿರ, ದೂರ, ಮೂಲೆಗಳಲ್ಲಿ, ಆ ಕಡೆ ಈ ಕಡೆ ಬಾಗಿಸಿ ಇಪ್ಪತ್ತು ಮೂವತ್ತು ಜೋಡಿ ಚಿತ್ರ ತೆಗೆಯಿರಿ. ಹೆಚ್ಚಿನವರು ಹಲಗೆಯನ್ನು ನೆಟ್ಟಗೆ ನಡುಮಧ್ಯದಲ್ಲೇ ಹಿಡಿಯುತ್ತಾರೆ. ಆದರೆ ಲೆನ್ಸಿನ ಬಾಗು ಹೆಚ್ಚು ಕಾಣುವುದು ಅಂಚಿನಲ್ಲಿ, ನಾಭಿದೂರ ತಿಳಿಯುವುದು ಹಲಗೆ ಓರೆಯಾದಾಗ. ಕೊನೆಯಲ್ಲಿ ತಂತ್ರಾಂಶ ಒಂದು ಸರಾಸರಿ ತಪ್ಪನ್ನು ಪಿಕ್ಸೆಲ್‌ಗಳಲ್ಲಿ ಹೇಳುತ್ತದೆ. ಅದು ಅರ್ಧ ಪಿಕ್ಸೆಲ್‌ಗಿಂತ ಕಡಿಮೆಯಿದ್ದರೆ ಮುಂದಕ್ಕೆ ಹೋಗಬಹುದು. ಮುಂದಿನ ಹಂತದಲ್ಲಿ ಎರಡೂ ಚಿತ್ರಗಳನ್ನು ಗಣಿತದಿಂದ ತಿರುಗಿಸಿ, ಎಡ ಚಿತ್ರದ ನೂರನೆಯ ಸಾಲಿನಲ್ಲಿರುವ ವಸ್ತು ಬಲ ಚಿತ್ರದಲ್ಲೂ ನೂರನೆಯ ಸಾಲಿನಲ್ಲೇ ಬರುವಂತೆ ಮಾಡಲಾಗುತ್ತದೆ. ಆಮೇಲೆ ಹುಡುಕಾಟ ಒಂದು ಸಾಲಿಗೆ ಸೀಮಿತ.

ಆ ಸಾಲಿನಲ್ಲಿ ಯಾವುದು ಯಾವುದಕ್ಕೆ ಜೋಡಿ? ವಸ್ತುವನ್ನು ಗುರುತಿಸದೆಯೂ ಇದು ಸಾಧ್ಯವೆಂದು ಬೆಲ್ ಲ್ಯಾಬ್ಸ್‌ನ ಬೇಲ ಯೂಲೆಷ್ 1960ರಲ್ಲಿ ತೋರಿಸಿದರು. ಎಡಕ್ಕೂ ಬಲಕ್ಕೂ ಎರಡು ಚಿತ್ರ, ಎರಡರಲ್ಲೂ ಬರೀ ಗೊತ್ತುಗುರಿಯಿಲ್ಲದ ಚುಕ್ಕೆಗಳು. ಒಂದರಲ್ಲಿ ನಡುವಿನ ಚೌಕದಷ್ಟು ಚುಕ್ಕೆಗಳನ್ನು ಪಕ್ಕಕ್ಕೆ ಸರಿಸಲಾಗಿತ್ತು. ಒಂದೊಂದೇ ಕಣ್ಣಿಗೆ ಏನೂ ಕಾಣದು, ಎರಡೂ ಕಣ್ಣಿಗೆ ಚೌಕ ಗಾಳಿಯಲ್ಲಿ ತೇಲಿದಂತೆ ಎದ್ದು ಕಾಣುತ್ತದೆ. ಕಂಪ್ಯೂಟರಿಗೂ ಬೇಕಿರುವುದು ಇಂಥ ಕ್ರಮವಿಲ್ಲದ ಚುಕ್ಕೆಗಳೇ. ನಮ್ಮ ಮನೆಗಳ ನೆಲವನ್ನೇ ನೋಡಿ. ಹಳೆಯ ಮೊಸಾಯಿಕ್ ನೆಲದ ಕಲ್ಲುಚೂರುಗಳು ಒಂದರಂತೆ ಇನ್ನೊಂದಿಲ್ಲ, ಅಲ್ಲಿ ದೂರದ ನಕ್ಷೆ ತುಂಬಿ ಬರುತ್ತದೆ. ನುಣುಪಾದ ರೆಡ್ ಆಕ್ಸೈಡ್ ನೆಲ, ಸುಣ್ಣದ ಬಿಳಿ ಗೋಡೆ ಇವುಗಳಲ್ಲಿ ಹಿಡಿದುಕೊಳ್ಳಲು ಗುರುತೇ ಇಲ್ಲ. ಕಿಟಕಿಯ ಸರಳುಗಳು ಒಂದರಂತೆ ಒಂದಿದ್ದು ಮೂರನೆಯದನ್ನು ನಾಲ್ಕನೆಯದಕ್ಕೆ ಜೋಡಿಸುವಂತೆ ದಾರಿ ತಪ್ಪಿಸುತ್ತವೆ. ಹೊಳೆಯುವ ಟೈಲ್ಸ್‌ನಲ್ಲಿ ದೀಪದ ಬಿಂಬ ನೆಲಕ್ಕಿಂತ ಕೆಳಗೆಲ್ಲೋ ಇರುವಂತೆ ಲೆಕ್ಕ ಬರುತ್ತದೆ. ಜರ್ಮನಿಯ ಬಾಹ್ಯಾಕಾಶ ಸಂಸ್ಥೆಯ ಹೈಕೊ ಹಿರ್ಷ್‌ಮ್ಯುಲರ್ 2005ರಲ್ಲಿ ಕೊಟ್ಟ ವಿಧಾನ, ಅಕ್ಕಪಕ್ಕದ ಪಿಕ್ಸೆಲ್‌ಗಳು ಸಾಮಾನ್ಯವಾಗಿ ಒಂದೇ ದೂರದಲ್ಲಿರುತ್ತವೆ ಎಂಬ ತಿಳಿವಳಿಕೆಯನ್ನು ಸೇರಿಸಿಕೊಂಡು ಈ ತೊಡಕುಗಳನ್ನು ಬಹುಮಟ್ಟಿಗೆ ಬಿಡಿಸುತ್ತದೆ. ಓಪನ್‌ಸಿವಿಯಲ್ಲಿ ಅದರ ಒಂದು ರೂಪವಿದೆ, ಅದನ್ನೇ ಬಳಸಿ. ಎಷ್ಟು ಪಿಕ್ಸೆಲ್‌ವರೆಗೆ ಹುಡುಕಬೇಕೆಂದು ನಾವೇ ಹೇಳಬೇಕು. 64 ಎಂದರೆ ನಮ್ಮ ಜೋಡಿಗೆ 1.1 ಮೀಟರ್‌ಗಿಂತ ಹತ್ತಿರದ್ದು ಕಾಣದು, 128 ಎಂದರೆ 55 ಸೆಂಟಿಮೀಟರ್‌ವರೆಗೆ ಕಾಣುತ್ತದೆ.

ಅಗ್ಗದ ಜೋಡಿಗೆ ನಿಜವಾದ ಮಿತಿಯೊಂದಿದೆ, ಅದನ್ನು ಮುಚ್ಚಿಡಬಾರದು. ಎರಡು ವೆಬ್‌ಕ್ಯಾಮ್‌ಗಳು ಒಂದೇ ಕ್ಷಣಕ್ಕೆ ಚಿತ್ರ ತೆಗೆಯುವುದಿಲ್ಲ, ಪ್ರತಿಯೊಂದೂ ತನ್ನದೇ ಗಡಿಯಾರದಲ್ಲಿ ನಡೆಯುತ್ತದೆ. ಸೆಕೆಂಡಿಗೆ 30 ಚಿತ್ರವಿದ್ದರೆ ಅವುಗಳ ನಡುವೆ ಸೆಕೆಂಡಿನ ಅರವತ್ತನೆಯ ಒಂದು ಭಾಗದವರೆಗೆ ಅಂತರ ಉಳಿಯಬಹುದು. ಅಷ್ಟರಲ್ಲಿ ನಡೆದು ಹೋಗುವ ಮನುಷ್ಯ ಎರಡು ಸೆಂಟಿಮೀಟರ್‌ಗಿಂತ ಹೆಚ್ಚು ಸರಿದಿರುತ್ತಾನೆ, 2 ಮೀಟರ್ ದೂರದಲ್ಲಿ ಅದು 8 ಪಿಕ್ಸೆಲ್. 35 ಇರಬೇಕಾದ ಡಿಸ್ಪಾರಿಟಿ 43 ಆಗಬಹುದು ಇಲ್ಲವೇ 27, ಆತ 1.6 ಮೀಟರ್‌ನಲ್ಲೋ 2.6 ಮೀಟರ್‌ನಲ್ಲೋ ಇದ್ದಂತೆ ತೋರಬಹುದು. ಓಪನ್‌ಸಿವಿಯಲ್ಲಿ ಮೊದಲು ಎರಡೂ ಕ್ಯಾಮೆರಾಗಳಿಂದ ಚಿತ್ರ ಹಿಡಿದುಕೊಂಡು ಆಮೇಲೆ ಬಿಡಿಸಿ ಓದುವ ಸೌಲಭ್ಯವಿದೆ. ಅದರಿಂದ ಅಂತರ ಹೆಚ್ಚುವುದು ತಪ್ಪುತ್ತದೆ, ಆದರೆ ಇರುವುದು ಪೂರ್ತಿ ಹೋಗುವುದಿಲ್ಲ. ಆದ್ದರಿಂದ ನಿಂತಿರುವ ವಸ್ತುಗಳಿಗೆ, ಅಂದರೆ ಕುಂಡದ ಗಿಡದ ಎತ್ತರ, ಪೆಟ್ಟಿಗೆಯ ಅಳತೆ, ಮೆಲ್ಲಗೆ ಚಲಿಸುವ ರೋಬೊಟ್ಟಿನ ದಾರಿ ಇಂಥವಕ್ಕೆ ಇದು ಚೆನ್ನಾಗಿ ಒದಗುತ್ತದೆ. ಓಡುವ ವಾಹನಕ್ಕೆ, ಜೀವರಕ್ಷಣೆಯ ಕೆಲಸಕ್ಕೆ ಖಂಡಿತ ಬೇಡ. ಅಂಥ ಕೆಲಸಕ್ಕೆ ಕೈಹಾಕುವವರು ಎರಡೂ ಸೆನ್ಸರ್‌ಗಳು ಒಂದೇ ಸಂಕೇತಕ್ಕೆ ಒಟ್ಟಿಗೆ ಚಿತ್ರ ತೆಗೆಯುವ ಬೋರ್ಡ್‌ಗಳಿಂದ ಶುರು ಮಾಡಬೇಕು.

ಎಲ್ಲ ಮುಗಿದ ಮೇಲೆ ನೆಲದ ಮೇಲೆ ಟೇಪು ಹಾಸಿ, ಅಚ್ಚಿರುವ ರಟ್ಟಿನ ಪೆಟ್ಟಿಗೆಯೊಂದನ್ನು 1, 2, 3, 4 ಮೀಟರ್‌ಗಳಲ್ಲಿಟ್ಟು ನಿಜದ ದೂರ ಮತ್ತು ಕ್ಯಾಮೆರಾ ಹೇಳಿದ ದೂರ ಎರಡನ್ನೂ ಬರೆದುಕೊಳ್ಳಿ. ತಪ್ಪಿಗೆ ಒಂದು ನಡೆ ಇರುತ್ತದೆ. ಎಲ್ಲ ಕಡೆ ಒಂದೇ ಪ್ರಮಾಣದಲ್ಲಿ ಹೆಚ್ಚಿಗೆ ಬಂದರೆ, 2 ಮೀಟರ್‌ಗೆ 2.08, 4 ಮೀಟರ್‌ಗೆ 4.16 ಹೀಗೆ, ಚದುರಂಗದ ಚೌಕವನ್ನು ಸ್ಕೇಲಿನಿಂದ ಅಳೆದು ನೋಡಿ. ಹಾಳೆಗೆ ಹೊಂದಿಸುವ ಭರದಲ್ಲಿ ಪ್ರಿಂಟರ್ 25 ಮಿಲಿಮೀಟರ್ ಚೌಕವನ್ನು 24ಕ್ಕೆ ಇಳಿಸಿರುತ್ತದೆ. ತಂತ್ರಾಂಶಕ್ಕೆ ಸರಿಯಾದ ಸಂಖ್ಯೆ ಕೊಟ್ಟರೆ ಸರಿಹೋಯಿತು. ತಪ್ಪು 1 ಮೀಟರ್‌ನಲ್ಲಿ ಒಂದೆರಡು ಸೆಂಟಿಮೀಟರ್ ಇದ್ದು, 2 ಮೀಟರ್‌ಗೆ ಅದರ ನಾಲ್ಕು ಪಟ್ಟು, 4 ಮೀಟರ್‌ಗೆ ಹದಿನಾರು ಪಟ್ಟು ಏರುತ್ತಿದ್ದರೆ, ಕ್ಯಾಲಿಬ್ರೇಶನ್ ಆದ ಮೇಲೆ ಯಾವುದೋ ಒಂದು ಕ್ಯಾಮೆರಾ ತಿರುಗಿದೆ ಎಂದೇ ತಿಳಿಯಬೇಕು. ಪಟ್ಟಿಯ ಸ್ಕ್ರೂಗಳನ್ನು ಬಿಗಿಮಾಡಿ, ಹಲಗೆಯನ್ನು ಮತ್ತೆ ಕೈಗೆ ತೆಗೆದುಕೊಳ್ಳಿ.